ಕಿರೀಟಕ್ಕೆ ಮೊದಲು ಕಾಲು

ಹೊನ್ನಾವರ ತಾಲ್ಲೂಕಿನ ಇಡಗುಂಜಿಯ ಗಣಪತಿ ಗುಡಿಯಲ್ಲಿ ಮಧ್ಯಾಹ್ನದ ಪೂಜೆ ಮುಗಿದು, ಯಾತ್ರಿಕರ ಬಸ್ಸುಗಳು ಹೆದ್ದಾರಿಯ ಕಡೆಗೆ ಹೊರಟ ಮೇಲೆ ಊರಿಗೆ ತನ್ನದೇ ಸದ್ದು ಮರಳುತ್ತದೆ. ಗರಿಕೆ, ಹೂವು, ಪಂಚಕಜ್ಜಾಯ. ಅದರಾಚೆ ತೆಂಗು, ಅಡಿಕೆ, ಹಂಚಿನ ಮಾಡು. ಬೇಸಿಗೆ ರಜೆಯ ಸಂಜೆಗಳಲ್ಲಿ ಈ ಸೀಮೆಯ ಮನೆಯಂಗಳದಿಂದಲೋ ಶಾಲೆಯ ಜಗಲಿಯಿಂದಲೋ ತಾಳದ ಪೆಟ್ಟು ಕೇಳಿಸುತ್ತದೆ. ಹತ್ತಿರ ಹೋದರೆ ಗಂಡುಮಕ್ಕಳು, ಹೆಣ್ಣುಮಕ್ಕಳು ಸಾಲಾಗಿ ನಿಂತಿದ್ದಾರೆ. ಸೊಂಟಕ್ಕೆ ಶಾಲು ಬಿಗಿದಿದ್ದಾರೆ. ಕಾಲು ಅಗಲಿಸಿ, ಮೊಣಕಾಲು ಬಾಗಿಸಿದ ಅರೆಕುಳಿತ ನಿಲುವು. ಬಾಯಿತಾಳ ನಿಂತರೂ ಏಳುವಂತಿಲ್ಲ. ಏಳೆಂಟು ವರ್ಷದವನೊಬ್ಬನ ತೊಡೆ ನಡುಗುತ್ತಿದೆ, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿದೆ. ಕಲಿಸುವವರು ಅವನ ಹಿಂದೆ ಬಂದು ಬೆನ್ನಿಗೆ ಅಂಗೈ ಇಡುತ್ತಾರೆ: "ತಮಾ, ಬೆನ್ನು ನೆಟ್ಟಗಿರ್ಲಿ. ಉಸಿರು ಕಟ್ಟಬೇಡ."

ಯಕ್ಷಗಾನದ ಹೆಜ್ಜೆಯ ಪಾಠ ಇದು. ನನ್ನ ಕಣ್ಣಿಗೆ ಇದು ಮಕ್ಕಳ ಶಕ್ತಿ ಸಾಧನೆಯೂ ಹೌದು. ಕಬ್ಬಿಣದ ತೂಕ ಇಲ್ಲ, ಯಂತ್ರ ಇಲ್ಲ. ತನ್ನ ಮೈಯ ಭಾರವನ್ನೇ ಬಗ್ಗಿಸಿ, ಎತ್ತಿ, ಹಾರಿಸಿ, ಇಳಿಸುವ ಕೆಲಸ.

ಅಂಗಳದ ಅಂಚಿನಲ್ಲಿ ಕೂತ ಅಜ್ಜಿಯರಿಗೆ ಇದರಲ್ಲಿ ಹೆದರುವಂಥದ್ದೇನೂ ಕಾಣುವುದಿಲ್ಲ. ಅದೇ ಮೊಮ್ಮಗ ಪೇಟೆಯ ಜಿಮ್ಮಿಗೆ ಹೋಗುತ್ತೇನೆಂದರೆ ಮನೆಯವರೆಲ್ಲ ಬೆದರುತ್ತಾರೆ. ಎಳೆ ಪ್ರಾಯದಲ್ಲಿ ಭಾರ ಎತ್ತಿದರೆ ಮಕ್ಕಳು ಗಿಡ್ಡಾಗುತ್ತಾರೆ ಎನ್ನುವ ಮಾತು ನಮ್ಮ ಕರಾವಳಿಯದು ಮಾತ್ರವಲ್ಲ, ಲೋಕದ ತುಂಬ ಇದೆ. ಎಲುಬಿನ ತುದಿಯಲ್ಲಿ ಬೆಳವಣಿಗೆ ನಡೆಯುವ ಮೆದು ಪದರವೊಂದಿರುತ್ತದೆ. ಅದು ಜಜ್ಜಿಹೋದೀತು ಎಂಬುದು ಆ ಭಯದ ಮೂಲ. ಆದರೆ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2020ರಲ್ಲಿ ತನ್ನ ಸಲಹೆಯನ್ನು ಹೊಸದಾಗಿ ಹೊರತಂದಾಗ ಈ ವಿಷಯವನ್ನು ಸ್ಪಷ್ಟವಾಗಿಯೇ ಹೇಳಿತು: ತಿಳಿದವರ ಕಣ್ಣೆದುರಿನಲ್ಲಿ, ಸರಿಯಾದ ಭಂಗಿಯಲ್ಲಿ ನಡೆಯುವ ಸಾಧನೆಯಿಂದ ಬೆಳವಣಿಗೆ ಕುಂಠಿತವಾಗುವುದಿಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು, ವಾರಕ್ಕೆ ಮೂರು ದಿನವಾದರೂ ಸ್ನಾಯು ಮತ್ತು ಎಲುಬು ಗಟ್ಟಿಯಾಗುವ ಚಟುವಟಿಕೆ ಇರಬೇಕು ಎಂದಿತು. ಪೆಟ್ಟಾಗುವುದು ಹೆಚ್ಚಾಗಿ ಯಾರೂ ಇಲ್ಲದಾಗ: ಕಾಲಬೆರಳ ಮೇಲೆ ಡಂಬೆಲ್ ಬೀಳುತ್ತದೆ, ಗೆಳೆಯನೊಂದಿಗೆ ಪಂದ್ಯ ಕಟ್ಟಿ ಎತ್ತಲಾಗದ್ದನ್ನು ಎತ್ತಲು ಹೋಗುತ್ತಾರೆ.

ಮತ್ತೆ ಅಂಗಳಕ್ಕೆ ಬರೋಣ. ಈಗ ದಿಗಿಣದ ಸರದಿ. ಹುಡುಗಿಯೊಬ್ಬಳು ನೆಗೆಯುತ್ತಾಳೆ, ಗಾಳಿಯಲ್ಲಿ ಕಾಲು ಮಡಿಸುತ್ತಾಳೆ, ಇಳಿಯುತ್ತಾಳೆ. ಧಪ್ಪೆಂಬ ಸದ್ದಿಗೆ ಕಲಿಸುವವರ ಮುಖ ಸಿಂಡರಿಸುತ್ತದೆ. ಸದ್ದಿಲ್ಲದೆ, ಮುಂಗಾಲಿನ ಮೇಲೆ, ಮೊಣಕಾಲು ಮಡಿಸಿ ಇಳಿಯಬೇಕು. ಅವಳು ಮತ್ತೆ ನೆಗೆಯುತ್ತಾಳೆ. ಈ ವಯಸ್ಸಿನಲ್ಲಿ ಸ್ನಾಯು ಅಷ್ಟಾಗಿ ಉಬ್ಬುವುದಿಲ್ಲ. ನರಗಳು ಸ್ನಾಯುವನ್ನು ಚೆನ್ನಾಗಿ ದುಡಿಸಲು ಕಲಿಯುತ್ತವೆ, ಬಲ ಬರುವುದು ಹಾಗೆ. ಅದಕ್ಕೇ ತಿಂಗಳಾದರೂ ತೋಳು ದಪ್ಪವಾಗದ ಹುಡುಗಿ, ತಿಂಗಳ ಹಿಂದೆ ಎಡವುತ್ತಿದ್ದ ಹೆಜ್ಜೆಯನ್ನು ಇಂದು ಹಗುರಾಗಿ ಇಡುತ್ತಾಳೆ. ಬಿಟ್ಟರೆ ಬಂದ ಬಲವೂ ವಾರಗಳಲ್ಲೇ ಇಳಿಯುತ್ತದೆ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಯಕ್ಷಗಾನದ ಬಡಗುತಿಟ್ಟು ಶೈಲಿಯ ಹಳೆಯ ಕಲಿಕೆಯ ಮೆಟ್ಟಿಲುಗಳು. ಮೇಳಕ್ಕೆ ಸೇರಿದ ಹುಡುಗನಿಗೆ ಕಥೆ ಶುರುವಾಗುವ ಮೊದಲಿನ ಪೂರ್ವರಂಗದಲ್ಲಿ ಮೊದಲು ಕೋಡಂಗಿಯ ವೇಷ. ಪಳಗಿದ ಮೇಲೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ. ಮುಂಡಾಸು, ಕಿರೀಟ, ಭುಜಕೀರ್ತಿ, ಎದೆಪದಕ ಎಲ್ಲ ಸೇರಿ ಮೈಮೇಲೆ ಕಿಲೋಗಟ್ಟಲೆ ಕೂರುವ ವೇಷ ಸಿಗುತ್ತಿದ್ದುದು ವರ್ಷಗಳ ನಂತರ. ಮೊದಲು ಭಾರವಿಲ್ಲದೆ ಭಂಗಿ ಕಲಿಸಿ, ಆಮೇಲೆ ಸ್ವಲ್ಪಸ್ವಲ್ಪವೇ ಭಾರ ಏರಿಸಿ ಎಂದು ವೈದ್ಯರು ಈಗ ಹೇಳುವ ಕ್ರಮವನ್ನು ವೇಷ ಕಟ್ಟುವ ಚೌಕಿಮನೆ ಎಷ್ಟೋ ಕಾಲದಿಂದ ಪಾಲಿಸಿಕೊಂಡು ಬಂದಿತ್ತು. ಈ ಸೀಮೆಯ ಯಕ್ಷಗಾನ ಕಲಾವಿದ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಗಣಪತಿಯ ಹೆಸರಿನಲ್ಲೇ ಮೇಳ ಕಟ್ಟಿದರು. ಮಾಯಾ ರಾವ್ ಅವರಲ್ಲಿ ನೃತ್ಯ ಸಂಯೋಜನೆ ಕಲಿತು ಬಂದ ಅವರ ಮಗ ಶಂಭು ಹೆಗಡೆಯವರು 1986ರಲ್ಲಿ ಪಕ್ಕದ ಗುಣವಂತೆಯಲ್ಲಿ ಶ್ರೀಮಯ ಕಲಾಕೇಂದ್ರ ತೆರೆದರು. ಮೇಳದಲ್ಲಿ ನೋಡಿನೋಡಿ ಕಲಿಯುತ್ತಿದ್ದ ಮೈಗೆ ಹೀಗೆ ತರಗತಿ ಸಿಕ್ಕಿತು. ಇದೇ ಹೊನ್ನಾವರ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹುಡುಗನಾಗಿದ್ದಾಗಲೇ ಗೆಜ್ಜೆ ಕಟ್ಟಿ, ಎಂಬತ್ತು ದಾಟಿದ ಮೇಲೂ ರಂಗದಲ್ಲಿ ಕುಣಿದರು.

ಈಗ ಮನಸ್ಸಿಗೆ ನೋವಾಗುವ ಸಂಗತಿ. ಇತ್ತೀಚೆಗೆ ಆಟದ ಹೊತ್ತು ಮೊಟಕಾಗಿ ಪೂರ್ವರಂಗ ಎಷ್ಟೋ ಕಡೆ ಬಿಟ್ಟುಹೋಗಿದೆ. ಅದರ ಜೊತೆ ಮೆಟ್ಟಿಲುಗಳೂ ಹೋದವು. ಕೆಲವೇ ವಾರಗಳ ಶಿಬಿರ, ಕೊನೆಯ ದಿನ ಪ್ರದರ್ಶನ. ಅಭಿಮನ್ಯುವಿನ ವೇಷ ಕಟ್ಟಿದ ಹತ್ತು ವರ್ಷದ ಹುಡುಗ ಎರಡೂ ಮೊಣಕಾಲೂರಿ ಮಂಡಿ ತಿರುಗತೊಡಗಿದರೆ ಸಭೆ ಚಪ್ಪಾಳೆ ನಿಲ್ಲಿಸುವುದಿಲ್ಲ. ಚಪ್ಪಾಳೆ ನಿಲ್ಲದಿದ್ದರೆ ಹುಡುಗನೂ ನಿಲ್ಲಿಸುವುದಿಲ್ಲ. ಕೆಳಗೆ ಸಿಮೆಂಟು. ಮೊಣಕಾಲ ಚಿಪ್ಪಿನ ಕೆಳಗೆ, ಸ್ನಾಯುರಜ್ಜು ಎಲುಬಿಗೆ ಅಂಟುವ ಜಾಗದಲ್ಲಿ, ಹತ್ತರಿಂದ ಹದಿನೈದರ ಮಕ್ಕಳಿಗೆ ನೆಗೆತ, ಓಟ ಅತಿಯಾದಾಗ ಬಾವು, ನೋವು ಬರುವುದುಂಟು. ಆಸ್‌ಗುಡ್ ಶ್ಲಾಟರ್ ಎಂದು ವೈದ್ಯರು ಹೆಸರಿಟ್ಟಿದ್ದಾರೆ. ಬಹುತೇಕ ಮಕ್ಕಳಲ್ಲಿ ಬೆಳವಣಿಗೆ ಮುಗಿದಂತೆ ಅದು ತಾನಾಗಿ ಶಮನವಾಗುತ್ತದೆ, ಆದರೆ ನೋವಿರುವಾಗ ಆ ಕಾಲಿಗೆ ಬಿಡುವು ಬೇಕು. ಆ ನೋವಿನ ಮೇಲೆ ಮಂಡಿ ಊರಿದರೆ ಹೇಗಾದೀತು ಎಂದು ಸಭೆಯಲ್ಲಿ ಕೂತವರು ಒಮ್ಮೆ ಯೋಚಿಸಬೇಕು.

ಆದ್ದರಿಂದ ಹೆತ್ತವರಲ್ಲಿ ನನ್ನ ವಿನಂತಿ. ಹೇಳಿದ ಮಾತು ಕೇಳಿ ಅನುಸರಿಸುವಷ್ಟು ತಿಳಿವಳಿಕೆ ಬಂದ ಮಗುವನ್ನು ಧೈರ್ಯವಾಗಿ ಕಳಿಸಿ, ಹೆಜ್ಜೆಗಾದರೂ ಸರಿ, ಬಸ್ಕಿ ದಂಡಕ್ಕಾದರೂ ಸರಿ. ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವು. ಹೃದಯದ ತೊಂದರೆಯೋ ಬೇರೆ ಕಾಯಿಲೆಯೋ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಮೈ ಪೂರ್ತಿ ಬೆಳೆಯುವ ತನಕ ಒಮ್ಮೆಗೆ ಎಷ್ಟು ಎತ್ತಬಲ್ಲ ಎಂಬ ಪರೀಕ್ಷೆ ಬೇಡ. ನೆಲ ಮಣ್ಣಿನದೋ ಚಾಪೆಯದೋ ನೋಡಿ. ಮೊಣಕಾಲು ನೋಯುತ್ತದೆ ಎಂದು ಮಗು ಹೇಳಿದರೆ, ಪ್ರದರ್ಶನ ನಾಳೆಯೇ ಇದ್ದರೂ ಮಂಡಿ ಬಿಡಿಸಿ.