ವರ್ಣಸೂತ್ರಗಳಲ್ಲಿ ಪರತ್ವವೂ ಅಪವಾದವೂ

ಗಣಕಯಂತ್ರದಲ್ಲಿ ಗ್ರಂಥಪಾಠವನ್ನು ಬರೆದು ತಿದ್ದುವುದಕ್ಕೆ ‘ವಿಮ್’ ಎಂಬ ಸಾಧನವೊಂದುಂಟು. ನೆದರ್ಲೆಂಡ್ಸ್ ದೇಶದ ಬ್ರಾಮ್ ಮೋಲೆನಾರರು ಇದನ್ನು 1991ರಲ್ಲಿ ಹೊರತಂದರು. ಪದಗಳನ್ನು ಅವುಗಳ ಜಾತಿಗನುಸಾರವಾಗಿ ಬಣ್ಣಗಳಿಂದ ಬೇರ್ಪಡಿಸಿ ತೋರಿಸುವ ಏರ್ಪಾಡು 1998ರಲ್ಲಿ, ಐದನೆಯ ಆವೃತ್ತಿಯಲ್ಲಿ ಸೇರಿತು. ಪ್ರೋಗ್ರಾಂ ಬರೆಯುವವರಿಗಾಗಿ ಹುಟ್ಟಿದ ಈ ಏರ್ಪಾಡನ್ನು ಗ್ರಂಥಸಂಪಾದಕರೂ ತಮಗೆ ಬೇಕಾದಂತೆ ಅಳವಡಿಸಿಕೊಳ್ಳಬಹುದು. ಬಣ್ಣವು ತೆರೆಯ ಮೇಲಷ್ಟೇ ಕಾಣುವುದು. ಮೂಲಪಾಠದಲ್ಲಿ ಅದರಿಂದ ಒಂದಕ್ಷರವೂ ವಿಕಾರಹೊಂದದು.

‘ಸಿಂಟ್ಯಾಕ್ಸ್ ಮ್ಯಾಚ್’ ಎಂಬ ಆಜ್ಞೆಯು ಇಂಥ ಆಕಾರದ ಪಾಠಕ್ಕೆ ಇಂಥ ಹೆಸರೆಂದು ಗೊತ್ತುಮಾಡುವುದು. ‘ಹೈಲೈಟ್’ ಎಂಬುದು ಆ ಹೆಸರಿಗೆ ಬಣ್ಣವನ್ನು ವಿಧಿಸುವುದು. ಮೊದಲನೆಯದು ಸಂಜ್ಞಾಸೂತ್ರ, ಎರಡನೆಯದು ವಿಧಿಸೂತ್ರ ಎಂದರೆ ವೈಯಾಕರಣರಿಗೆ ಬೇರೆ ವಿವರಣೆ ಬೇಡ. ಹಳಗನ್ನಡದ ಱ, ೞಗಳಿಗೆ ಒಂದೊಂದು ಬಣ್ಣವನ್ನಿಟ್ಟರೆ ರೂಪಸಾಮ್ಯದಿಂದಾಗುವ ಪ್ರಮಾದಗಳು ಒಡನೆಯೇ ಕಣ್ಣಿಗೆ ಬೀಳುವುವು. (ಸ್ವರಚಿಹ್ನೆ ಸೇರಿದ ರೂಪಗಳೂ ಸಿಕ್ಕಬೇಕಾದರೆ, ಸಂಯೋಜಕ ಚಿಹ್ನೆಗಳನ್ನು ಗಣಿಸಬಾರದೆಂಬ ಸಂಕೇತವನ್ನು ಸೂತ್ರದಲ್ಲಿ ಸೇರಿಸತಕ್ಕದ್ದು.)

ಇಂಥ ಎರಡು ಸೂತ್ರಗಳು ಒಂದೇ ಪಾಠದಲ್ಲಿ ಪ್ರಾಪ್ತವಾದರೆ ಯಾವುದು ಪ್ರಬಲ? ಪಂಕ್ತಿಯಲ್ಲಿ ಮೊದಲು ಆರಂಭವಾಗುವುದು ಪ್ರಬಲ. ಎರಡೂ ಒಂದೇ ಸ್ಥಾನದಲ್ಲಿ ಆರಂಭವಾದರೆ, ಕಡೆಗೆ ಬರೆದ ಸೂತ್ರವೇ ಪ್ರಬಲ. ತುಲ್ಯಬಲಗಳ ವಿರೋಧದಲ್ಲಿ ಅಷ್ಟಾಧ್ಯಾಯಿಯ 1.4.2ನೆಯ ಸೂತ್ರವು, ಸಂಪ್ರದಾಯದ ವ್ಯಾಖ್ಯಾನದಂತೆ, ಹೇಳುವುದೂ ಇದನ್ನೇ. ‘ಪರ’ಶಬ್ದಕ್ಕೆ 2022ರಲ್ಲಿ ಋಷಿ ರಾಜಪೋಪಟರು ಮಾಡಿದ ಬೇರೆ ಅರ್ಥದ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ಮೋಲೆನಾರರು ಪಾಣಿನಿಯನ್ನು ಅನುಸರಿಸಿದರೆಂದು ಊಹಿಸುವುದೂ ಅತಿಪ್ರಸಂಗವಾದೀತು. ಭೇದವಿರುವುದು ಮುಂದೆ: ಪಾಣಿನೀಯರಲ್ಲಿ ಅಪವಾದವು ಎಲ್ಲಿದ್ದರೂ ಉತ್ಸರ್ಗವನ್ನು ಬಾಧಿಸುವುದು, ವಿಮ್ಮಿನ ಈ ಸೂತ್ರಗಳಲ್ಲಿಯಾದರೋ ವಿಶೇಷವು ವಿಶೇಷವೆಂಬ ಕಾರಣದಿಂದಲೇ ಗೆಲ್ಲಲಾರದು.

ಇದನ್ನು ಮರೆತುದರ ಫಲವನ್ನು ನಾವೇ ಅನುಭವಿಸಿದೆವು. ಓಲೆಗರಿಯ ಪ್ರತಿಯೊಂದನ್ನು ನಮ್ಮ ಶಿಷ್ಯರು ನಕಲುಮಾಡುತ್ತ ಪಾಠಾಂತರಗಳನ್ನು ಚೌಕಾವರಣದಲ್ಲಿಯೂ, ಸಂದಿಗ್ಧಪಾಠಗಳನ್ನು ಒಳಗೆ ಮೊದಲಿಗೇ ಪ್ರಶ್ನಚಿಹ್ನೆಯುಳ್ಳ ಚೌಕಾವರಣದಲ್ಲಿಯೂ ಇರಿಸಿದ್ದರು. ಎರಡಕ್ಕೂ ಆರಂಭಸ್ಥಾನ ಒಂದೇ. ನಾವು ಸಂದಿಗ್ಧಗಳಿಗೆ ಕೆಂಪನ್ನು ಮೊದಲು ವಿಧಿಸಿ, ಆವರಣಮಾತ್ರಕ್ಕೆ ಹಸುರನ್ನು ಅನಂತರ ಬರೆದೆವು. ಎಲ್ಲವೂ ಹಸುರಾಯಿತು. ಕೆಂಪು ಕಾಣದಿರಲು, ಸಂದೇಹಗಳೆಲ್ಲ ಪರಿಹಾರವಾದುವೆಂದು ತಿಳಿದು ಟಿಪ್ಪಣಿಗಳನ್ನು ಬರೆಯತೊಡಗಿದೆವು.

ಪರಿಹಾರ ಸುಲಭ: ಸಾಮಾನ್ಯವನ್ನು ಮೊದಲು, ವಿಶೇಷವನ್ನು ಕಡೆಗೆ ಬರೆಯತಕ್ಕದ್ದು. ವಿಮ್ಮಿನೊಡನೆ ಬಂದ ಸೂತ್ರಗಳನ್ನೇ ಬಾಧಿಸಬೇಕಾದಲ್ಲಿ ಸ್ವಂತ ಸೂತ್ರಗಳನ್ನು ‘ಆಫ್ಟರ್’ ಎಂಬ ಕೋಶದೊಳಗಿನ ‘ಸಿಂಟ್ಯಾಕ್ಸ್’ ಉಪಕೋಶದಲ್ಲಿಟ್ಟರೆ ಅವು ಕಡೆಗೆ ಓದಲ್ಪಟ್ಟು ಪರತ್ವವನ್ನು ಪಡೆಯುವುವು. ನಾವು ಎರಡು ಪಂಕ್ತಿಗಳ ಸ್ಥಾನವನ್ನು ಅದಲುಬದಲುಮಾಡಿದೊಡನೆ ಪುಟಗಳಲ್ಲಿ ಕೆಂಪು ಮೂಡಿತು. ಆ ಪಾಠಗಳಲ್ಲಿ ಮೂರನ್ನು ನಿಶ್ಚಿತವೆಂದು ನಾವು ಆಗಲೇ ಅಂಗೀಕರಿಸಿಬಿಟ್ಟಿದ್ದೆವು.