ಹೊಂಗೆಯ ಬೀಜದಿಂದ ಎಂಜಿನಿನವರೆಗೆ

ಭೂಮಿಯ ಒಡಲಿನಲ್ಲಿ ಕೋಟ್ಯಂತರ ವರ್ಷ ಹುದುಗಿದ್ದ ಕಲ್ಲೆಣ್ಣೆಯನ್ನು ಮಾನವನು ಕೆಲವೇ ತಲೆಮಾರುಗಳಲ್ಲಿ ಉರಿಸಿ ಬರಿದು ಮಾಡುತ್ತಿದ್ದಾನೆ. ಹೊಲದ ಬದುವಿನಲ್ಲಿಯೂ ಕೊಟ್ಟಿಗೆಯಲ್ಲಿಯೂ ವರ್ಷವರ್ಷವೂ ಹುಟ್ಟುವ ವಸ್ತುಗಳು ಅದರ ಸ್ಥಾನವನ್ನು ತುಂಬಬಲ್ಲವೆ? ಪ್ರಶ್ನೆ ಹೊಸದಲ್ಲ. ೧೯೦೦ರಲ್ಲಿ ಪ್ಯಾರಿಸ್ಸಿನ ವಿಶ್ವಪ್ರದರ್ಶನದಲ್ಲಿಯೇ ಡೀಸೆಲ್ ಎಂಜಿನೊಂದು ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ಎಂಜಿನನ್ನು ಓಡಿಸುವುದು ಅಷ್ಟು ಕಷ್ಟವಲ್ಲ; ಅದಕ್ಕೆ ಬೇಕಾದ ಇಂಧನವನ್ನು ನೆಲಕ್ಕೂ ನೀರಿಗೂ ಉಣ್ಣುವ ಬಾಯಿಗೂ ಕೇಡಾಗದಂತೆ ಪಡೆಯುವುದೇ ಕಷ್ಟ.

ಲೀಟರಿನ ಹಿಂದಿನ ನೀರು

ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥೆನಾಲ್ ಎಂಬ ಮದ್ಯಸಾರವನ್ನು ಬೆರೆಸುವ ಕಾರ್ಯಕ್ರಮ ೨೦೦೩ರಲ್ಲಿ ಮೊದಲಾಯಿತು. ಬೆರಕೆಯ ಪ್ರಮಾಣ ೨೦೨೫ರಲ್ಲಿ ಶೇಕಡಾ ೨೦ನ್ನು ಮುಟ್ಟಿತು. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಯಿಂದ ಹುದುಗಿಸಿ, ಬಟ್ಟಿ ಇಳಿಸಿದರೆ ಎಥೆನಾಲ್ ದೊರೆಯುತ್ತದೆ. ಆದರೆ ಸಕ್ಕರೆಯಿಂದ ಒಂದು ಲೀಟರ್ ಎಥೆನಾಲ್ ಪಡೆಯಲು ಕಬ್ಬಿನ ಬೇಸಾಯವೂ ಸೇರಿ ಸುಮಾರು ೨,೮೬೦ ಲೀಟರ್ ನೀರು ಬೇಕೆಂದು ನೀತಿ ಆಯೋಗದ ೨೦೨೧ರ ವರದಿಯೇ ಹೇಳಿದೆ. ಅಕ್ಕಿ, ಮೆಕ್ಕೆಜೋಳಗಳಿಂದಲೂ ಎಥೆನಾಲ್ ತಯಾರಾಗುತ್ತದೆ. ಆಗ ತಟ್ಟೆಗೂ ತೊಟ್ಟಿಗೂ ಪೈಪೋಟಿ ಏಳುತ್ತದೆ. ಹಸಿರು ಗಿಡದಿಂದ ಬಂದ ಮಾತ್ರಕ್ಕೆ ಇಂಧನವು ನಿರ್ದೋಷಿಯಾಗುವುದಿಲ್ಲ ಎಂಬುದು ಇದರಿಂದ ಸ್ಪಷ್ಟ.

ಹೊಂಗೆಯ ಗುಣ

ಈ ದೃಷ್ಟಿಯಿಂದ ನೋಡಿದರೆ ನಮ್ಮ ಊರೂರಿನಲ್ಲಿ ನೆರಳು ಕೊಡುವ ಹೊಂಗೆಮರದ ಮಹತ್ವ ತಿಳಿಯುತ್ತದೆ. ಇದು ದ್ವಿದಳ ಜಾತಿಯದು. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಹಿಡಿಯಬಲ್ಲದು. ಬೀಜದ ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ಎಣ್ಣೆ. ಈ ಕಹಿ ಎಣ್ಣೆಯನ್ನು ಯಾರೂ ತಿನ್ನುವುದಿಲ್ಲವಾದ್ದರಿಂದ ಅಡುಗೆಮನೆಯೊಡನೆ ಜಗಳವಿಲ್ಲ. ಉಳಿದ ಹಿಂಡಿ ಒಳ್ಳೆಯ ಗೊಬ್ಬರ.

ಆದರೆ ಹೊಂಗೆಯೆಣ್ಣೆ ಡೀಸೆಲಿಗಿಂತ ಬಹಳ ಮಂದ. ಎಣ್ಣೆಯ ಒಂದೊಂದು ಅಣುವೂ ಗ್ಲಿಸರಿನ್ನಿಗೆ ಅಂಟಿಕೊಂಡ ಮೂರು ಮೇದಾಮ್ಲ ಸರಪಳಿಗಳಿಂದ ಆದುದು. ಎಣ್ಣೆಗೆ ಮೆಥನಾಲನ್ನೂ ಕ್ರಿಯೆಯನ್ನು ಚುರುಕುಗೊಳಿಸುವ ಕ್ಷಾರವನ್ನೂ ಸೇರಿಸಿ ಬೆಚ್ಚಗೆ ಕಾಯಿಸಿದರೆ ಸರಪಳಿಗಳು ಗ್ಲಿಸರಿನ್ನನ್ನು ಬಿಟ್ಟು ಮೆಥನಾಲನ್ನು ಕೂಡುತ್ತವೆ. ಭಾರವಾದ ಗ್ಲಿಸರಿನ್ ತಳಕ್ಕಿಳಿಯುತ್ತದೆ. ಮೇಲೆ ನಿಂತ ತೆಳು ದ್ರವವೇ ಜೈವಿಕ ಡೀಸೆಲ್. ಬೀಜವನ್ನು ಒದ್ದೆಯಾಗಿಯೋ ಬಹುಕಾಲವೋ ಇಟ್ಟರೆ ಎಣ್ಣೆಯಲ್ಲಿ ಬಿಡಿ ಆಮ್ಲ ಹೆಚ್ಚುತ್ತದೆ. ಅದು ಕ್ಷಾರದೊಡನೆ ಸೇರಿ ಸಾಬೂನಾಗಿ ಕೆಲಸ ಕೆಡಿಸುತ್ತದೆ. ಆದಕಾರಣ ಕಾರ್ಖಾನೆಯ ಯಶಸ್ಸು ಹಳ್ಳಿಯ ಅಂಗಳದಲ್ಲಿ ಬೀಜ ಹೇಗೆ ಒಣಗಿತು ಎಂಬುದರ ಮೇಲೆ ನಿಂತಿದೆ!

ಕಾಯಿ ಆರಿಸುವವರು ಯಾರು?

ಗಾಣದಲ್ಲಿ ಎಣ್ಣೆ ಪೂರ್ತಿ ಇಳಿಯದು. ಒಂದು ಲೀಟರಿಗೆ ಸುಮಾರು ನಾಲ್ಕು ಕಿಲೋಗ್ರಾಂ ಬೀಜ ಬೇಕು. ಬಿಸಿಲಿನಲ್ಲಿ ಬಾಗಿ ಕಾಯಿ ಆರಿಸುವವರಿಗೆ ಅಂದಿನ ಕೂಲಿಯಾದರೂ ಗಿಟ್ಟದಿದ್ದರೆ, ಕಾಯಿ ಮರದಡಿಯಲ್ಲಿಯೇ ಕೊಳೆಯುತ್ತದೆ. ಒಂದು ಕಾಲಕ್ಕೆ ದೇಶದಾದ್ಯಂತ ಹೊಗಳಿಸಿಕೊಂಡ ಜಟ್ರೋಫ ಗಿಡ ಈ ಪಾಠವನ್ನು ಕಲಿಸಿತು. ಬಂಜರಿನಲ್ಲಿ ಅದು ಬದುಕಿತು, ಆದರೆ ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ. ನಂಬಿದ ರೈತರು ಕೈಸುಟ್ಟುಕೊಂಡರು.

ಕರ್ನಾಟಕವು ೨೦೦೯ರಲ್ಲಿ ತನ್ನದೇ ಜೈವಿಕ ಇಂಧನ ನೀತಿಯನ್ನು ರೂಪಿಸಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಬೆಳೆಸಿ, ಹಳ್ಳಿಗಳಲ್ಲಿ ಬೆಳೆಗಾರರ ಸಂಘಗಳನ್ನು ಕಟ್ಟಿತು. ಅಲ್ಲಿಯ ತತ್ತ್ವ ಸರಳ: ಬೆಳೆಯ ಭೂಮಿಯನ್ನು ಮುಟ್ಟದೆ ಬದು, ಬೇಲಿ, ಹಿತ್ತಲುಗಳಲ್ಲಿ ಹೊಂಗೆ, ಬೇವು, ಹಿಪ್ಪೆಗಳಂಥ ಹಲವು ಮರಗಳನ್ನು ಬೆಳೆಸುವುದು, ಒಂದು ಸೋತರೆ ಇನ್ನೊಂದು ಕೈಹಿಡಿಯುತ್ತದೆ.

ಧರ್ಮಸ್ಥಳದ ಮಾದರಿ

ಚದುರಿದ ದುಡಿಮೆಯನ್ನು ಒಗ್ಗೂಡಿಸುವ ಬಗೆಗೆ ಒಳ್ಳೆಯ ನಿದರ್ಶನ ಬೆಳ್ತಂಗಡಿ ತಾಲೂಕಿನಲ್ಲಿದೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರು ೧೯೮೨ರಲ್ಲಿ ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಸಣ್ಣ ಹಿಡುವಳಿದಾರರನ್ನು ‘ಪ್ರಗತಿಬಂಧು’ ಗುಂಪುಗಳಲ್ಲಿ ಸೇರಿಸಿತು. ಹಳೆಯ ಮುಯ್ಯಾಳು ಪದ್ಧತಿಯಂತೆ ಸದಸ್ಯರು ವಾರಕ್ಕೊಂದು ದಿನ ಒಬ್ಬೊಬ್ಬರ ಜಮೀನಿನಲ್ಲಿ ಕೂಡಿ ದುಡಿಯುತ್ತಾರೆ, ಉಳಿತಾಯ ಮಾಡುತ್ತಾರೆ, ಸಾಲ ಪಡೆಯುತ್ತಾರೆ. ಇಂಥ ಗುಂಪುಗಳ ಮೂಲಕ ಗೋಬರ್ ಗ್ಯಾಸ್ ಘಟಕಗಳಿಗೂ ಸೌರದೀಪಗಳಿಗೂ ಸಾಲ ದೊರಕಿಸಿದುದಕ್ಕೆ ಯೋಜನೆಗೆ ೨೦೧೨ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಸಂದಿತು.

ಗೋಬರ್ ಗ್ಯಾಸ್ ಸಹ ಜೈವಿಕ ಇಂಧನವೇ. ಗಾಳಿಯಾಡದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಗಳು ಸೆಗಣಿಯನ್ನು ಕೊಳೆಯಿಸಿದಾಗ ಹುಟ್ಟುವ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ಒಲೆ ಉರಿಯುತ್ತದೆ, ಬಗ್ಗಡ ತೋಟಕ್ಕೆ ಗೊಬ್ಬರವಾಗುತ್ತದೆ, ಹೆಂಗಸರ ಕಣ್ಣಿಗೆ ಹೊಗೆಯಿಲ್ಲ, ಕಾಡಿನ ಮರಕ್ಕೆ ಕೊಡಲಿಯಿಲ್ಲ. ಬೀಜ ಸಂಗ್ರಹಣೆಗೂ ಬೇಕಾದುದು ಇದೇ ಬಗೆಯ ಒಕ್ಕೂಟ: ಕೂಡಿ ಆರಿಸುವುದು, ಕೂಡಿ ಒಣಗಿಸುವುದು, ಕೂಡಿ ಮಾರುವುದು.

ಉದ್ಯಮದ ಒಡಂಬಡಿಕೆ

ಹಳ್ಳಿಯ ಸಂಘವೊಂದೇ ಸಾಲದು. ಕೊಳ್ಳುವ ಉದ್ಯಮವೂ ನಿಯಮಕ್ಕೆ ಕಟ್ಟುಬೀಳಬೇಕು. ೨೦೦೭ರಲ್ಲಿ ಸ್ವಿಟ್ಸರ್ಲೆಂಡಿನ ಲೊಸಾನ್ ನಗರದಲ್ಲಿ ಬೆಳೆಗಾರರು, ಇಂಧನ ಕಂಪೆನಿಗಳು, ಪರಿಸರ ಸಂಸ್ಥೆಗಳು ಒಂದೇ ಮೇಜಿನ ಸುತ್ತ ಕುಳಿತು ಮಾತುಕತೆ ಆರಂಭಿಸಿದರು. ಅದರ ಫಲವಾಗಿ ಮೂಡಿದ ಹನ್ನೆರಡು ಸೂತ್ರಗಳಲ್ಲಿ ಮಣ್ಣು, ನೀರು, ಗಾಳಿಗಳ ರಕ್ಷಣೆಯೊಡನೆ ಕಾರ್ಮಿಕರ ಹಕ್ಕು, ಭೂಮಿಯ ಹಕ್ಕು, ಸ್ಥಳೀಯರ ಆಹಾರಗಳಿಗೂ ಸ್ಥಾನವುಂಟು. ಸೂತ್ರಗಳನ್ನು ಪಾಲಿಸಿದವರಿಗೆ ಪರೀಕ್ಷೆಯ ಬಳಿಕ ಪ್ರಮಾಣಪತ್ರ ದೊರೆಯುತ್ತದೆ. ಭಾರತವೂ ಸೇರಿದ ಜಾಗತಿಕ ಜೈವಿಕ ಇಂಧನ ಒಕ್ಕೂಟ ೨೦೨೩ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಉದಯಿಸಿತು.

ಹೀಗೆ ಒಂದು ಲೀಟರ್ ಇಂಧನವನ್ನು ಅಳೆಯಲು ಇಂದು ಲೀಟರಿನ ಪಾತ್ರೆಯೊಂದೇ ಸಾಲದಾಗಿದೆ. ಎಷ್ಟು ನೀರು ಹೋಯಿತು, ಮಣ್ಣಿಗೆ ಏನು ಮರಳಿತು, ಬೀಜ ಆರಿಸಿದ ಕೈಗೆ ಏನು ದಕ್ಕಿತು ಎಂಬುದನ್ನೂ ಅಳೆಯಬೇಕು. ಈ ಅಳತೆಗಳನ್ನು ಹೆಚ್ಚು ನಿಖರಗೊಳಿಸುವುದು ಇಂದಿನ ವಿದ್ಯಾರ್ಥಿಗಳಿಗೆ ಕಾದಿರುವ ಕೆಲಸ.