ಮಿತವ್ಯಯದಲ್ಲಿ ಮೊದಲ ನೌಕಾವಿಹಾರ: ಉಪನಗರದ ಕನ್ನಡ ಕುಟುಂಬಗಳಿಗೊಂದು ಮಾರ್ಗದರ್ಶಿ

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿಯಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ವಾರ್ಷಿಕ ರಜೆ ಎಂದರೆ ಬಹುಪಾಲು ಊರಿನ ಪ್ರಯಾಣವೇ ಆಗಿದೆ. ಮತ್ಸ್ಯಗಂಧಾ ಎಕ್ಸ್‌ಪ್ರೆಸ್‌ನ ಟಿಕೆಟಿಗಾಗಿ 60 ದಿನ ಮೊದಲೇ ಕಾದು ಕುಳಿತು, ಮದುವೆ, ಗೃಹಪ್ರವೇಶ, ನೇಮ, ರಥೋತ್ಸವಗಳನ್ನು ಮುಗಿಸಿ ಹಿಂದಿರುಗುವ ಹೊತ್ತಿಗೆ ರಜೆಯೂ ಮುಗಿದಿರುತ್ತದೆ, ಕೈಯಲ್ಲಿದ್ದ ಹಣವೂ ಮುಗಿದಿರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮುಂಬಯಿ ಬಂದರಿನಿಂದಲೇ ಹೊರಡುವ ವಿಹಾರ ನೌಕೆಗಳ ಜಾಹೀರಾತುಗಳು ಮೊಬೈಲಿನಲ್ಲಿ ಪ್ರತಿದಿನ ಕಾಣಿಸುತ್ತಿವೆ. ಮನೆಯ ಮಕ್ಕಳು ‘ಒಮ್ಮೆಯಾದರೂ ಹೋಗೋಣ’ ಎನ್ನುತ್ತಾರೆ. ಹಿರಿಯರು ‘ಅದೆಲ್ಲ ಶ್ರೀಮಂತರಿಗೆ’ ಎಂದು ಮಾತನ್ನು ಮುಗಿಸುತ್ತಾರೆ. ಈ ಎರಡು ಮಾತುಗಳ ನಡುವೆ ನಿಜ ಎಲ್ಲಿದೆ ಎಂಬುದನ್ನು ಲೆಕ್ಕಾಚಾರದ ಮೂಲಕ ತಿಳಿಯುವುದೇ ಈ ಲೇಖನದ ಉದ್ದೇಶ.

ಕನ್ನಡಿಗರಿಗೆ ಹಡಗು ಹೊಸದಲ್ಲ

ಮುಂಬಯಿಗೂ ಕರಾವಳಿ ಕರ್ನಾಟಕಕ್ಕೂ ಇರುವ ನಂಟು ಮೊದಲು ಬೆಳೆದದ್ದು ಸಮುದ್ರಮಾರ್ಗದಲ್ಲಿ. ಕೊಂಕಣ ರೈಲು 1998ರಲ್ಲಿ ಪೂರ್ಣವಾಗಿ ತೆರೆಯುವುದಕ್ಕೆ ಬಹಳ ಹಿಂದೆ, ಹೆಂಚು ಹೊತ್ತ ಮಂಜಿಗಳೂ ಕರಾವಳಿಯ ಬಂದರುಗಳನ್ನು ಮುಟ್ಟುತ್ತ ಸಾಗುವ ಸ್ಟೀಮರುಗಳೂ ನಮ್ಮ ಹಿರಿಯರನ್ನು ಈ ನಗರಕ್ಕೆ ತಂದವು. ಅಂದಿನ ಪ್ರಯಾಣ ವಿಹಾರವಾಗಿರಲಿಲ್ಲ, ಹೊಟ್ಟೆಪಾಡಾಗಿತ್ತು, ಅಪಾಯಕರವೂ ಆಗಿತ್ತು. 1947ರ ಜುಲೈ 17ರಂದು ಮುಂಬಯಿಯಿಂದ ರೇವಸ್ ಕಡೆಗೆ ಹೊರಟಿದ್ದ ‘ರಾಮದಾಸ್’ ಸ್ಟೀಮರು ಮಳೆಗಾಲದ ಅಬ್ಬರಕ್ಕೆ ಸಿಲುಕಿ ಮುಳುಗಿದಾಗ 600ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹಿರಿಯರ ಮನಸ್ಸಿನಲ್ಲಿ ಹಡಗಿನ ಬಗ್ಗೆ ಇರುವ ಅಳುಕಿಗೆ ಇಂತಹ ಕಾರಣಗಳೂ ಇವೆ ಎಂಬುದನ್ನು ನಾವು ಮರೆಯಬಾರದು.

ವಿಹಾರಕ್ಕಾಗಿಯೇ ನೌಕೆಗಳು ಮುಂಬಯಿಯನ್ನು ನೆಲೆಯಾಗಿಸಿಕೊಂಡ ಕಥೆ ಇತ್ತೀಚಿನದು, ಏಳುಬೀಳುಗಳಿಂದ ಕೂಡಿದ್ದು. 2005ರಲ್ಲಿ ‘ಸೂಪರ್‌ಸ್ಟಾರ್ ಲಿಬ್ರಾ’ ಬಂದಿತು, ಕೆಲವು ಋತುಗಳ ಬಳಿಕ ಹೋಯಿತು. 2018ರ ಅಕ್ಟೋಬರ್‌ನಲ್ಲಿ ಮುಂಬಯಿ–ಗೋವಾ ನಡುವೆ ‘ಆಂಗ್ರಿಯಾ’, 2019ರಲ್ಲಿ ‘ಕರ್ಣಿಕಾ’ ಆರಂಭವಾದವು. 2020ರ ಕೊರೋನಾ ಕಾಲದಲ್ಲಿ ಎರಡೂ ನಿಂತವು. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೀಲಿಯಾ ಸಂಸ್ಥೆಯ ‘ಎಂಪ್ರೆಸ್’ ನೌಕೆ ಗೋವಾ, ಲಕ್ಷದ್ವೀಪ, ಕೊಚ್ಚಿ ಮೊದಲಾದ ಕಡೆಗೆ ಯಾನ ಆರಂಭಿಸಿತು. 1990ರಲ್ಲಿ ನಿರ್ಮಾಣವಾದ ಈ ನೌಕೆಗೆ 11 ಅಂತಸ್ತುಗಳಿವೆ. ಬಲ್ಲಾರ್ಡ್ ಪಿಯರ್ ಬಳಿಯ ಮುಂಬಯಿ ಅಂತಾರಾಷ್ಟ್ರೀಯ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರ್ 20ರಂದು ಉದ್ಘಾಟನೆಗೊಂಡಿದೆ. ಸಂಸ್ಥೆಗಳು ಬಂದುಹೋಗುವ ಈ ಇತಿಹಾಸದಿಂದ ಒಂದು ಪಾಠವಿದೆ: ವರ್ಷಗಳ ಮುಂಚೆ ಪೂರ್ತಿ ಹಣ ಕಟ್ಟಿಸಿಕೊಳ್ಳುವ ಯಾವ ಯೋಜನೆಗೂ ಸುಲಭವಾಗಿ ಒಪ್ಪಬಾರದು.

ಯಾವಾಗ ಹೋಗಬೇಕು?

ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ. ಆದ್ದರಿಂದಲೇ ವಿಹಾರ ನೌಕೆಗಳು ಮಳೆಗಾಲದಲ್ಲಿ ಪೂರ್ವ ಕರಾವಳಿಯತ್ತ ತಿರುಗುವುದುಂಟು. 2023ರ ಜೂನ್‌ನಲ್ಲಿ ಚೆನ್ನೈಯಿಂದ ಶ್ರೀಲಂಕಾಕ್ಕೆ ಯಾನ ಆರಂಭವಾದದ್ದು ಹೀಗೆಯೇ. ನಮಗೆ ಅನುಕೂಲವಾದ ಕಾಲ ಅಕ್ಟೋಬರ್‌ನಿಂದ ಮೇವರೆಗೆ. ಅದರಲ್ಲಿಯೂ ದೀಪಾವಳಿ, ಕ್ರಿಸ್ಮಸ್, ಹೊಸವರ್ಷ ಮತ್ತು ಮೇ ರಜೆಯಲ್ಲಿ ದರ ಏರಿರುತ್ತದೆ. ವಾರಾಂತ್ಯದ ಯಾನಕ್ಕಿಂತ ವಾರದ ನಡುವಿನ ಯಾನ ಸಾಮಾನ್ಯವಾಗಿ ಅಗ್ಗ. ಶಾಲೆಗೆ ಹೋಗುವ ಮಕ್ಕಳಿಲ್ಲದ ನಿವೃತ್ತ ದಂಪತಿಗಳಿಗೆ ಜನವರಿ ಕೊನೆಯಿಂದ ಮಾರ್ಚ್‌ವರೆಗಿನ ದಿನಗಳು ಸೂಕ್ತ. ಹವೆಯೂ ಹಿತ, ದರವೂ ಹಿತ.

ಜಾಹೀರಾತಿನ ದರ, ನಿಜವಾದ ವೆಚ್ಚ

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ದರ ಒಬ್ಬರಿಗೆ, ಅದೂ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇದ್ದರೆ ಮಾತ್ರ ಎಂಬುದನ್ನು ಮೊದಲು ಗಮನಿಸಬೇಕು. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ಹಣ ತೆರಬೇಕಾಗುತ್ತದೆ. ಅದೇ ಕ್ಯಾಬಿನ್‌ನಲ್ಲಿ ಮೂರನೆಯ, ನಾಲ್ಕನೆಯ ವ್ಯಕ್ತಿಗೆ ರಿಯಾಯಿತಿ ದೊರೆಯುವುದುಂಟು. ದರದ ಮೇಲೆ ಬಂದರು ಶುಲ್ಕ, ಸಿಬ್ಬಂದಿಯ ಸೇವಾಶುಲ್ಕ ಮತ್ತು ಜಿಎಸ್‌ಟಿ ಸೇರುತ್ತವೆ. ಸೇವಾಶುಲ್ಕ ತಲೆಗೊಂದರಂತೆ, ರಾತ್ರಿಗೊಂದರಂತೆ ಲೆಕ್ಕವಾಗುವುದರಿಂದ ದೊಡ್ಡ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ.

ಲೆಕ್ಕದ ಅನುಕೂಲಕ್ಕಾಗಿ ಒಂದು ಮಾದರಿಯನ್ನು ನೋಡೋಣ; ಇಲ್ಲಿನ ಅಂಕಿಗಳು ಕೇವಲ ಉದಾಹರಣೆಗೆ, ಯಾವುದೇ ಸಂಸ್ಥೆಯ ದರವಲ್ಲ. ಪತಿ, ಪತ್ನಿ, ಇಬ್ಬರು ಮಕ್ಕಳ ಕುಟುಂಬ ಎರಡು ರಾತ್ರಿಗಳ ಯಾನಕ್ಕೆ ಹೊರಟಿದೆ ಎನ್ನೋಣ. ಮೊದಲ ಇಬ್ಬರಿಗೆ ತಲಾ ರೂ. 20,000ದಂತೆ ರೂ. 40,000. ಮಕ್ಕಳಿಬ್ಬರಿಗೆ ತಲಾ ರೂ. 12,000ದಂತೆ ರೂ. 24,000. ಬಂದರು ಹಾಗೂ ಸೇವಾಶುಲ್ಕ ತಲಾ ರೂ. 3,000ದಂತೆ ರೂ. 12,000. ತೆರಿಗೆ ರೂ. 4,000. ಇಲ್ಲಿಗೆ ರೂ. 80,000 ಆಯಿತು. ತೀರದ ಸುತ್ತಾಟಕ್ಕೆ ರೂ. 6,000, ಮನೆಯಿಂದ ಬಂದರಿಗೆ ಹೋಗಿ ಬರಲು ರೂ. 2,000, ಹಡಗಿನೊಳಗಿನ ಚಿಲ್ಲರೆ ಖರ್ಚಿಗೆ ರೂ. 4,000, ವಿಮೆಗೆ ರೂ. 2,000; ಇವು ರೂ. 14,000. ಆಕಸ್ಮಿಕಕ್ಕೆ ರೂ. 6,000 ತೆಗೆದಿಟ್ಟರೆ ಒಟ್ಟು ರೂ. 1,00,000. ಜಾಹೀರಾತಿನಲ್ಲಿ ಕಂಡ 20,000 ಮನೆಗೆ ಬರುವಾಗ ಒಂದು ಲಕ್ಷವಾಗುವ ಬಗೆ ಇದು.

ಈ ಒಂದು ಲಕ್ಷವನ್ನು ಸಾಲ ಮಾಡಿಯೋ, ಕ್ರೆಡಿಟ್ ಕಾರ್ಡಿನ ಕಂತಿನಲ್ಲಿಯೋ ತೀರಿಸುವುದು ಜಾಣತನವಲ್ಲ. ಬ್ಯಾಂಕಿನಲ್ಲಿ ತಿಂಗಳಿಗೆ ರೂ. 8,400ರ ಆವರ್ತ ಠೇವಣಿ ತೆರೆದರೆ ಬಡ್ಡಿ ಬಿಟ್ಟೂ 12 ತಿಂಗಳಲ್ಲಿ ರೂ. 1,00,800 ಕೂಡುತ್ತದೆ. ಅಷ್ಟು ಕಟ್ಟುವುದು ಭಾರವೆನಿಸಿದರೆ ಎರಡು ವರ್ಷದ ಯೋಜನೆ ಹಾಕಿ ರೂ. 4,200 ಕಟ್ಟಬಹುದು. ಊರಿನ ಖರ್ಚಿನ ಹಣವನ್ನು ಇದಕ್ಕೆ ತಿರುಗಿಸಬಾರದು ಎಂಬುದು ನಮ್ಮ ಅಭಿಪ್ರಾಯ. ವಿಹಾರ ಒಂದು ವರ್ಷ ಮುಂದೆ ಹೋದರೆ ನಷ್ಟವಿಲ್ಲ. ಊರಿನಲ್ಲಿ ಕಾದಿರುವ ತಂದೆತಾಯಿಯರನ್ನು ಕಾಣುವುದು ಮುಂದೆ ಹೋಗಬಾರದು.

ಕ್ಯಾಬಿನ್‌ನ ಆಯ್ಕೆ

ಕಿಟಕಿಯಿಲ್ಲದ ಒಳಕ್ಯಾಬಿನ್, ಸಮುದ್ರ ಕಾಣುವ ಕಿಟಕಿಯ ಕ್ಯಾಬಿನ್, ಬಾಲ್ಕನಿಯುಳ್ಳ ಕ್ಯಾಬಿನ್, ಸೂಟ್ ಎಂದು ದರ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. ಊಟ, ಈಜುಕೊಳ, ನಾಟ್ಯ ಸಂಗೀತದ ಪ್ರದರ್ಶನಗಳು ಎಲ್ಲರಿಗೂ ಸಮಾನವಾಗಿ ಲಭ್ಯವಿರುವುದರಿಂದ ಮೊದಲ ಯಾನಕ್ಕೆ ಒಳಕ್ಯಾಬಿನ್ ಸಾಕು. ಡೊಂಬಿವಲಿಯ ಒಂದು ಕೋಣೆಯ ಮನೆಯಲ್ಲಿ ಸಂಸಾರ ನಡೆಸಿದವರಿಗೆ ಅದರ ಇಕ್ಕಟ್ಟು ದೊಡ್ಡದೆನಿಸದು. ಓಲಾಟದ ಭಯವಿರುವವರು ಕೆಳ ಅಂತಸ್ತಿನಲ್ಲಿ, ಹಡಗಿನ ಮಧ್ಯಭಾಗದಲ್ಲಿರುವ ಕ್ಯಾಬಿನ್ ಕೇಳಿ ಪಡೆಯಬೇಕು. ತೂಗಾಟ ಅಲ್ಲಿ ಅತಿ ಕಡಿಮೆ. ಮುಟ್ಟಿ ನೋಡದೆ ಹಣ ಹೂಡಲು ಹಿಂಜರಿಯುವವರಿಗೆ ಇನ್ನೊಂದು ಉಪಾಯವಿದೆ. ಭಾವೂಚಾ ಧಕ್ಕಾದಿಂದ ಮಾಂಡವಾಕ್ಕೆ 2020ರ ಮಾರ್ಚ್‌ನಲ್ಲಿ ಆರಂಭವಾದ ರೋ-ರೋ ನೌಕೆಯಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ ಮಾಡಿ ಬಂದರೆ, ಸಮುದ್ರ ಮನೆಮಂದಿಯಲ್ಲಿ ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗದು ಎಂಬುದರ ಅಂದಾಜು ಸಿಗುತ್ತದೆ.

ಹಡಗಿನೊಳಗಿನ ಖರ್ಚು

ಮುಖ್ಯ ಭೋಜನಶಾಲೆಗಳ ಊಟ ದರದಲ್ಲಿ ಸೇರಿರುತ್ತದೆ. ಮುಂಬಯಿಯಿಂದ ಹೊರಡುವ ನೌಕೆಗಳಲ್ಲಿ ಸಸ್ಯಾಹಾರ ಮತ್ತು ಜೈನ ಆಹಾರದ ವ್ಯವಸ್ಥೆಯಿದೆ. ವಿಶೇಷ ಹೋಟೆಲುಗಳು, ಮದ್ಯ, ಸ್ಪಾ, ಜೂಜಿನ ಕೋಣೆ, ಛಾಯಾಚಿತ್ರ, ವೈ-ಫೈ ಇವುಗಳಿಗೆ ಬೇರೆ ಹಣ. ಹಡಗಿನಲ್ಲಿ ಪ್ರತಿ ಖರ್ಚೂ ಕ್ಯಾಬಿನ್‌ನ ಖಾತೆಗೆ ಜಮೆಯಾಗುವುದು ವಾಡಿಕೆ. ನಗದು ಕೈಬಿಡುವ ನೋವು ಇಲ್ಲದಿರುವುದರಿಂದ ಕೊನೆಯ ದಿನದ ಬಿಲ್ಲು ಬೆಚ್ಚಿಬೀಳಿಸುವಂತಿರುತ್ತದೆ. ಪ್ರತಿ ರಾತ್ರಿ ಖಾತೆಯನ್ನು ನೋಡಿಕೊಳ್ಳಬೇಕು, ಮಕ್ಕಳ ಕಾರ್ಡಿಗೆ ಮಿತಿ ಹಾಕಿಸಬೇಕು.

ಇನ್ನೊಂದು ಗುಪ್ತ ವೆಚ್ಚ ಮೊಬೈಲಿನದು. ತೀರ ಮರೆಯಾದ ಮೇಲೆ ಫೋನು ಹಡಗಿನ ಸಾಗರ ಜಾಲಕ್ಕೆ ತಾನಾಗಿಯೇ ಸೇರಿಕೊಂಡರೆ ರೋಮಿಂಗ್ ಶುಲ್ಕ ದುಬಾರಿಯಾಗುತ್ತದೆ. ಹಡಗು ಹೊರಟೊಡನೆ ಎಲ್ಲರ ಫೋನನ್ನೂ ಏರೋಪ್ಲೇನ್ ಮೋಡ್‌ಗೆ ಹಾಕುವುದು ಕ್ಷೇಮ. ಚಕ್ಕುಲಿ, ಕೋಡುಬಳೆಯ ಡಬ್ಬಿ ಕಟ್ಟುವ ಮೊದಲು ಹೊರಗಿನ ತಿಂಡಿಗೆ ಅನುಮತಿ ಇದೆಯೇ ಎಂದು ವಿಚಾರಿಸಬೇಕು. ಬೆಂಕಿಯ ಭಯದಿಂದ ವಿದ್ಯುತ್ ಕೆಟಲ್, ಇಸ್ತ್ರಿಪೆಟ್ಟಿಗೆಗಳಿಗೆ ನಿಷೇಧವಿರುತ್ತದೆ. ಅದೇ ಕಾರಣಕ್ಕೆ ದೀಪ, ಊದುಬತ್ತಿ ಹಚ್ಚುವಂತಿಲ್ಲ. ನಿತ್ಯಪೂಜೆಯ ನೇಮವಿರುವ ಹಿರಿಯರಿಗೆ ಇದನ್ನು ಮನೆಯಲ್ಲಿಯೇ ತಿಳಿಸಿ ಒಪ್ಪಿಸುವುದು ಒಳ್ಳೆಯದು.

ಹಿರಿಯರು ಮತ್ತು ಸುರಕ್ಷತೆ

ಮಂಡಿನೋವಿರುವ ತಾಯಿತಂದೆಯರಿಗೆ ಬೆಟ್ಟದ ಊರುಗಳಿಗಿಂತ ಹಡಗು ಅನುಕೂಲ. ಲಿಫ್ಟ್ ಇದೆ, ಪ್ರತಿದಿನ ಗಂಟುಮೂಟೆ ಕಟ್ಟಬೇಕಿಲ್ಲ, ಶೌಚಾಲಯ ಕ್ಯಾಬಿನ್‌ನಲ್ಲಿಯೇ ಇದೆ. ಆದರೆ ಹಡಗಿನ ವೈದ್ಯರ ಸೇವೆಗೆ ಶುಲ್ಕವಿದೆ, ಮತ್ತು ನಮ್ಮ ಆರೋಗ್ಯ ವಿಮೆಯ ನಗದುರಹಿತ ಸೌಲಭ್ಯ ಅಲ್ಲಿ ನಡೆಯುತ್ತದೆಂದು ಭಾವಿಸಬಾರದು. ನಿತ್ಯದ ಔಷಧಿಗಳನ್ನು ಎರಡು ದಿನ ಹೆಚ್ಚಿಗೆ, ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಹೃದ್ರೋಗ, ಡಯಾಲಿಸಿಸ್ ಮುಂತಾದ ಚಿಕಿತ್ಸೆಯಲ್ಲಿರುವವರು ತಮ್ಮ ವೈದ್ಯರ ಒಪ್ಪಿಗೆಯಿಲ್ಲದೆ ಹೊರಡಬಾರದು. ಗರ್ಭಿಣಿಯರಿಗೂ ಎಳೆಯ ಶಿಶುಗಳಿಗೂ ಪ್ರತಿ ಸಂಸ್ಥೆಯಲ್ಲಿ ನಿರ್ಬಂಧಗಳಿವೆ. ಹಣ ಕಟ್ಟುವ ಮೊದಲೇ ಕೇಳಿ ತಿಳಿಯಬೇಕು.

2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು ಮಗುಚಿ 32 ಜನ ಸತ್ತ ಬಳಿಕ ಅಂತಾರಾಷ್ಟ್ರೀಯ ನಿಯಮ ಬಿಗಿಯಾಯಿತು. 2015ರಿಂದ, ಹೊಸ ಪ್ರಯಾಣಿಕರಿಗೆ ಸುರಕ್ಷಾ ಅಭ್ಯಾಸವನ್ನು ಹಡಗು ಹೊರಡುವ ಮೊದಲೇ ಅಥವಾ ಹೊರಟ ತಕ್ಷಣ ನಡೆಸಬೇಕು. ಅದನ್ನು ತಪ್ಪಿಸಿಕೊಂಡು ತಿಂಡಿಯ ಸಾಲಿಗೆ ಓಡುವವರನ್ನು ಅನುಸರಿಸಬಾರದು.

ದಾಖಲೆಪತ್ರ, ಬುಕಿಂಗ್, ಪ್ರಯಾಣ

ದೇಶದೊಳಗಿನ ಯಾನಕ್ಕೆ ಸರಕಾರಿ ಗುರುತಿನ ಚೀಟಿಯ ಮೂಲಪ್ರತಿ ಬೇಕು. ಟಿಕೆಟಿನ ಹೆಸರೂ ಚೀಟಿಯ ಹೆಸರೂ ಒಂದೇ ಆಗಿರಬೇಕು. ಊರಿನ ಹೆಸರು, ಮನೆತನದ ಹೆಸರುಗಳು ಒಂದು ದಾಖಲೆಯಲ್ಲಿ ಒಂದು ಬಗೆಯಾಗಿರುವುದು ನಮ್ಮವರಲ್ಲಿ ಸಾಮಾನ್ಯವಾದ್ದರಿಂದ ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಅಗತ್ಯ. ಸಿಂಗಾಪುರದಿಂದ ಹೊರಟು ಬೇರೆ ದೇಶ ಮುಟ್ಟಿ ಮತ್ತೆ ಸಿಂಗಾಪುರಕ್ಕೇ ಬರುವ ಯಾನಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶ ನೀಡುವ ವೀಸಾ ಬೇಕು. ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಸಂಗ್ರಹಿಸುವ ಟಿಸಿಎಸ್ ಮೊತ್ತವನ್ನು ಆದಾಯ ತೆರಿಗೆಯ ವಿವರಪತ್ರದಲ್ಲಿ ಸರಿಹೊಂದಿಸಿಕೊಳ್ಳಲು ಅವಕಾಶವಿರುವುದರಿಂದ ಅದರ ದಾಖಲೆಯನ್ನು ಜೋಪಾನ ಮಾಡಬೇಕು.

ಮಾಲ್‌ಗಳಲ್ಲಿ ಚೀಟಿ ತುಂಬಿಸಿಕೊಂಡು ‘ನಿಮಗೆ ಉಚಿತ ಕ್ರೂಸ್ ಬಂದಿದೆ’ ಎಂದು ಕರೆಯುವವರ ಉದ್ದೇಶ ಬಹುಪಾಲು ರಜಾ ಕ್ಲಬ್ಬಿನ ಸದಸ್ಯತ್ವ ಮಾರುವುದಾಗಿರುತ್ತದೆ. ಅಲ್ಲಿಯೇ ಸಹಿ ಹಾಕಬಾರದು. ರದ್ದತಿಯ ನಿಯಮವನ್ನು ಬರಹದಲ್ಲಿ ಪಡೆಯಬೇಕು. ಯಾನದ ದಿನ ಹತ್ತಿರವಾದಷ್ಟೂ ಮರಳಿ ಬರುವ ಹಣ ಕಡಿಮೆಯಾಗುತ್ತದೆ. ಸಂಘದ ಸದಸ್ಯರು ಹತ್ತಾರು ಕುಟುಂಬ ಸೇರಿ ಹೊರಟರೆ ಗುಂಪಿನ ರಿಯಾಯಿತಿ ಕೇಳುವ ಬಲ ಬರುತ್ತದೆ.

ಕಲ್ಯಾಣದಿಂದ ಸಿಎಸ್‌ಎಂಟಿಗೆ ಸುಮಾರು 54, ಡೊಂಬಿವಲಿಯಿಂದ 48, ಥಾಣೆಯಿಂದ 34 ಕಿ.ಮೀ. ಅಲ್ಲಿಂದ ಬಲ್ಲಾರ್ಡ್ ಪಿಯರ್ ಟ್ಯಾಕ್ಸಿಯಲ್ಲಿ ಹತ್ತಿರ. ಯಾನ ಭಾನುವಾರವಾಗಿದ್ದರೆ ಮಧ್ಯ ಮತ್ತು ಹಾರ್ಬರ್ ಮಾರ್ಗದ ಮೆಗಾಬ್ಲಾಕ್ ಪ್ರಕಟಣೆಯನ್ನು ಹಿಂದಿನ ದಿನವೇ ನೋಡಬೇಕು. ಪನ್ವೇಲ್, ಉಲ್ವೆ ಕಡೆಯವರಿಗೆ 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು ಸಮಯ ಉಳಿಸುತ್ತದೆ, ಟೋಲ್ ಕೊಡಬೇಕಷ್ಟೆ. ಹಡಗು ಹೊರಡುವುದಕ್ಕೆ ಬಹಳ ಮುಂಚೆಯೇ ಒಳಪ್ರವೇಶ ಮುಚ್ಚುತ್ತದೆ. ಮೊರ್ಮುಗಾವ್‌ನಲ್ಲಿ ಇಳಿದು ಗೋವಾ ಸುತ್ತುವವರೂ ಇದನ್ನು ನೆನಪಿಡಬೇಕು: ಪಣಜಿ ಅಲ್ಲಿಂದ ಸುಮಾರು 30 ಕಿ.ಮೀ. ದೂರ, ತಡವಾಗಿ ಬಂದವರಿಗಾಗಿ ಹಡಗು ಕಾಯುವುದಿಲ್ಲ.

ಇಷ್ಟನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು, ಕಾಗದದ ಮೇಲೆ ಬರೆದು, ಹಿರಿಯರ ಒಪ್ಪಿಗೆಯನ್ನೂ ಮಕ್ಕಳ ಆಸೆಯನ್ನೂ ಅಳೆದು ನಿರ್ಧರಿಸಿದರೆ ನೌಕಾವಿಹಾರ ನಮ್ಮಂತಹ ಮಧ್ಯಮ ವರ್ಗಕ್ಕೆ ನಿಲುಕದ ವಸ್ತುವಲ್ಲ. ಲೆಕ್ಕ ಕೂಡಿಬರದಿದ್ದರೆ ಈ ವರ್ಷ ಮಾಂಡವಾದವರೆಗೆ ಹೋಗಿ ಬರೋಣ, ಮುಂದಿನ ವರ್ಷಕ್ಕೆ ಠೇವಣಿ ತೆರೆಯೋಣ. ಹೊರಡುವ ಎಲ್ಲ ಕುಟುಂಬಗಳಿಗೂ ಶುಭಪ್ರಯಾಣ.